ಹಿರೇತನದ ಪಾಲು

ಕರ್ಜಗಿ
ಮಂಗಳವಾರ, 11-2-2025

ಸುಚಿತ್ರಾಳ ಅಪ್ಪನವರಿಗೆ,

ಇಲ್ಲಿ ನಾನು, ಸುಚಿತ್ರಾ ಇಬ್ಬರೂ ಕ್ಷೇಮ. ನೀವು ಕ್ಷೇಮವೇ ಎಂದು ಕೇಳುವುದಿಲ್ಲ, ಅಲ್ಲವೆಂದು ಗೊತ್ತಿದೆ. ರಾಣೆಬೆನ್ನೂರಿನಲ್ಲಿ ಅಕ್ಕನ ಮನೆಯ ಪಡಸಾಲೆಯಲ್ಲಿ ಕಾಲ ಕೆಳಗೆ ಎರಡು ದಿಂಬು ಇಟ್ಟುಕೊಂಡು ಮಲಗಿದ್ದೀರಂತೆ, ಫ್ಯಾನಿನ ಗಾಳಿ ತಾಗಿದರೂ ಚೀರುತ್ತೀರಂತೆ. ಗಂಗಕ್ಕನೇ ಫೋನು ಮಾಡಿದ್ದರು. ಸುದ್ದಿ ತಿಳಿಸಲಿಕ್ಕಲ್ಲ, ನನ್ನನ್ನು ಬೈಯಲಿಕ್ಕೆ. "ಮಂದಿ ಮುಂದ ಗಂಡನ ಮರ್ಯಾದಿ ಕಳದಿ, ಅದ್ಕ ನನ್ನ ತಮ್ಮನ ಕಾಲು ಹಿಂಗಾಗೇತಿ" ಅಂದರು. ಮರ್ಯಾದೆ ಹೋದರೆ ಕಾಲಿನ ಹೆಬ್ಬೆಟ್ಟಿಗೆ ಬಾವು ಬರುತ್ತದೆ ಎಂದು ಯಾವ ಡಾಕ್ಟರು ಹೇಳಿದ್ದಾರೋ ನಾನು ಕಾಣೆ.

ನೀವು ಫೋನು ಎತ್ತುವುದಿಲ್ಲ. ಎತ್ತಿದರೂ ನನ್ನ ದನಿ ಕೇಳಿದ ಕೂಡಲೇ ಇಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಸುಚಿತ್ರಾ ನಿಮ್ಮ ಗುಳಿಗೆಗಳ ಜೊತೆ ಇದನ್ನು ತರುತ್ತಾಳೆ. ಹರಿದು ಹಾಕುವುದಿದ್ದರೆ ಪೂರ್ತಿ ಓದಿ ಹರಿಯಿರಿ. ಇವತ್ತೇ ಬರೆಯಲಿಕ್ಕೆ ಇನ್ನೊಂದು ಕಾರಣವೂ ಇದೆ. ಅದನ್ನು ನನ್ನ ಸಿಟ್ಟೆಲ್ಲ ಕಾರಿಕೊಂಡ ಮೇಲೆ ಹೇಳುತ್ತೇನೆ.

ನಿಮ್ಮ ಮನೆತನದ ಪದ್ಧತಿಯನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಕಾಗದದ ಮೇಲಾದರೂ ಅದು ಹೇಗೆ ಕಾಣುತ್ತದೆ ನೋಡಿ. ಮನೆಯಲ್ಲಿ ಯಾವುದೇ ಕಾರ್ಯವಿರಲಿ, ಕುರಿ ಕಡಿದರೆ ಕೆಂಡದ ಮೇಲೆ ಸುಟ್ಟ ಕಲೀಜಾ, ಕಿಡ್ನಿ, ತಲೆಮಾಂಸ ಎಲ್ಲ ಕಂಚಿನ ತಾಟಿನಲ್ಲಿ ಮೊದಲು ಹಿರಿಯನ ಮುಂದೆ ಬರಬೇಕು. ಅವನು ತಾಟು ಖಾಲಿ ಮಾಡುವತನಕ ಪಂಕ್ತಿಯಲ್ಲಿ ಯಾರೂ ತುತ್ತು ಎತ್ತುವಂತಿಲ್ಲ. ಅದು ಹಿರೇತನದ ಪಾಲು. ಅದನ್ನು ಉಂಡೂ ಉಂಡೂ ಹಿರಿಯನ ಹೆಬ್ಬೆಟ್ಟು ಒಂದು ದಿನ ಕೆಂಪಗೆ ಬಾತುಕೊಂಡರೆ ನಿಮ್ಮ ಮನೆಯಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಹಿರೇತನ ಕಾಲಿಗೆ ಇಳಿಯಿತು ಎಂದು ಅರಿಷಿಣ ಹಚ್ಚಿ, ಬೆಳ್ಳಿ ಕಟ್ಟಿನ ಬೆತ್ತವನ್ನು ಕೈಗೆ ಕೊಡುತ್ತೀರಿ. ನಿಮ್ಮ ಅಜ್ಜ ಕುಂಟುತ್ತಿದ್ದರು, ಮಾವನವರೂ ಕುಂಟುತ್ತಿದ್ದರು. ಪಡಸಾಲೆಯ ಗೋಡೆಯ ಮೇಲೆ ಇಬ್ಬರ ಫೋಟೊ ಇದೆ, ಇಬ್ಬರೂ ಅದೇ ಬೆತ್ತ ಊರಿ ಕೂತಿದ್ದಾರೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ಅದನ್ನು ದೊಡ್ಡಸ್ತಿಕೆಯ ನಡಿಗೆ ಎಂದೇ ತಿಳಿದಿದ್ದೆ.

ಮೂರು ವರ್ಷದ ಹಿಂದೆ ನಿಮಗೂ ಬಂತು. ಬೆಳಗಿನ ಜಾವ ಎದ್ದು ಕೂತು ಕಾಲು ಹಿಡಿದುಕೊಂಡಿರಿ. ಚಾದರ ಸೋಕಿದರೆ ಒದ್ದಾಡುವಷ್ಟು ನೋವು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಲ್ಲಿ ಮಾತ್ರ ನಗು. "ಬಂತ ನೋಡ, ನಂಗೂ ಬಂತು" ಅಂದಿರಿ. ನಿಮ್ಮ ತಮ್ಮ ಕನಕಪ್ಪ ಓಣಿಗೆಲ್ಲ ಸಕ್ಕರೆ ಹಂಚಿದ. ಅಂಥ ನೋವನ್ನು ಬಡಿಸಿಕೊಂಡು ಖುಷಿಪಡುವ ಮನೆತನವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹಾವೇರಿಯ ಡಾಕ್ಟರ ಹತ್ತಿರ ನಿಮ್ಮನ್ನು ಕರೆದುಕೊಂಡು ಹೋಗಲಿಕ್ಕೆ ನಾನು ಎರಡು ದಿನ ಒಲೆ ಹಚ್ಚದೆ ಹಟ ಹಿಡಿಯಬೇಕಾಯಿತು. ಅಲ್ಲಿ ಅವರು ರಕ್ತದ ರಿಪೋರ್ಟು ನೋಡಿ ನಿಮ್ಮ ಮುಖ ನೋಡಿದರು. "ಹಿರೇತನ ಅಲ್ರಿ ಇದು, ಗೌಟ್. ಯೂರಿಕ್ ಆಸಿಡ್ ಒಂಬತ್ತು ದಾಟೇತಿ, ಆರರ ಒಳಗ ಬರಬೇಕು" ಅಂದರು. ಅದು ರಕ್ತದಲ್ಲಿ ಹೆಚ್ಚಾಗಿ ಕೀಲಿನಲ್ಲಿ ಹರಳುಗಟ್ಟುತ್ತದೆ, ಗಾಜಿನ ಚೂರಿನ ಹಾಗೆ ಚುಚ್ಚುತ್ತದೆ, ವಂಶದಲ್ಲಿ ಬರುವುದೂ ಉಂಟು ಎಂದು ತಿಳಿಸಿ ಹೇಳಿದರು. ಅಪ್ಪ ಏನಾಗಿ ತೀರಿಕೊಂಡರು ಎಂದು ಕೇಳಿದಾಗ ನೀವು ಗೋಡೆ ನೋಡಿದಿರಿ. ಮೈಯೆಲ್ಲ ಬಾತು, ಮೂತ್ರ ಕಟ್ಟಿ ಹೋದರು ಎಂದು ನಾನೇ ಹೇಳಿದೆ. ಆಗ ನಿಮ್ಮ ಕಿಡ್ನಿಯ ಪರೀಕ್ಷೆಯನ್ನೂ ಮಾಡಿಸಿದರು. ಕಿಡ್ನಿಗೆ ಈಗಾಗಲೇ ಪೆಟ್ಟು ಬೀಳುತ್ತಿದೆ, ಈಗ ಹಿಡಿದರೆ ಹತೋಟಿಗೆ ಬರುತ್ತದೆ, ಬಿಟ್ಟರೆ ಡಯಾಲಿಸಿಸ್ ಎಂದರು. ಆ ಮಾತು ಕೇಳಿದ ಮೇಲೆ ನನಗೆ ಸರಿಯಾಗಿ ನಿದ್ದೆ ಹತ್ತಿಲ್ಲ. ನಿಮಗೆ ಬಸ್ಸಿನಲ್ಲೇ ನಿದ್ದೆ ಹತ್ತಿತು.

ಅಂಗನವಾಡಿಯಲ್ಲಿ ಊರ ಬಸುರಿ ಬಾಣಂತಿಯರಿಗೆಲ್ಲ ಏನು ತಿನ್ನಬೇಕು, ಏನು ಬಿಡಬೇಕು ಎಂದು ಹೇಳುವವಳು ನಾನು. ಅವರು ಕೇಳುತ್ತಾರೆ. ಹದಿನೆಂಟರ ಹುಡುಗಿಯರಿಗೆ ಇರುವ ತಿಳುವಳಿಕೆ ನನ್ನ ಗಂಡನಿಗೆ ಇಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತದೆ. ಆದರೂ ನಾನು ಬಿಡಲಿಲ್ಲ. ಡಾಕ್ಟರು ನಿಮಗೆ ಉಪವಾಸ ಹೇಳಿರಲಿಲ್ಲ. ರೊಟ್ಟಿ, ಪಲ್ಯ, ಮಜ್ಜಿಗೆ, ಹಿತಮಿತವಾಗಿ ಬೇಳೆ, ಕಾಳು, ತತ್ತಿ ಎಲ್ಲ ಇತ್ತು. ಬೇಡವೆಂದದ್ದು ಕಲೀಜಾ, ಕಿಡ್ನಿ, ತಲೆ, ಕಾಲು, ಬೀರು, ಸಕ್ಕರೆ ಸುರಿದ ಬಾಟಲಿ ಪಾನಕ. ದಿನವೂ ಒಂದು ಗುಳಿಗೆ, ಹೊಟ್ಟೆ ತುಂಬ ನೀರು, ಸಂಜೆ ಕೆರೆಯ ತನಕ ನಡಿಗೆ. ನೀವು ಹೊಲಕ್ಕೆ ಹೊರಟರೆ ತಂಬಿಗೆಯ ನೀರು ಖಾಲಿ ಮಾಡುವತನಕ ನಾನು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದೆ. ಓಣಿಯವರು ನಕ್ಕರು, ನಗಲಿ. ಸೊಂಟದ ಪಟ್ಟಿ ಎರಡು ತೂತು ಒಳಗೆ ಬಂತು, ಅರ್ಧ ವರ್ಷ ನೋವಿನ ಸುಳಿವಿರಲಿಲ್ಲ, ಬೆತ್ತ ಮೂಲೆ ಸೇರಿತು. ಆ ಅರ್ಧ ವರ್ಷ ನೀವು ಮದುವೆಯ ಹೊಸದರಲ್ಲಿ ಇದ್ದ ಹಾಗೆ ಇದ್ದಿರಿ, ಸಂಜೆ ನಡೆಯುವಾಗ ಹಾಡು ಗುನುಗುತ್ತಿದ್ದಿರಿ. ಸುಳ್ಳಾದರೆ ಸುಳ್ಳು ಎನ್ನಿ.

ಆಮೇಲೆ ಏನು ಮಾಡಿದಿರಿ? ನೋವಿಲ್ಲ ಎಂದು ಗುಳಿಗೆ ಬಿಟ್ಟಿರಿ. ಡಾಕ್ಟರನ್ನು ಒಂದು ಮಾತು ಕೇಳಲಿಲ್ಲ. ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿಗೆ ಹೋದಾಗಲೆಲ್ಲ ಗಂಟಲಿಗೆ ಖಾರದ ಘಾಟು ಹತ್ತಿತು ಎಂಬ ನೆವ, ಆ ನೆವಕ್ಕೆ ಎರಡು ಬೀರು. ನೀರು ಕುಡಿದರೆ ಹೋಗದ ಘಾಟು ಬೀರಿಗೇ ಹೋಗುತ್ತದೆಯೇ? ಆಮೇಲೆ ಒಂದು ಕಡೆ ಉಡಿ ತುಂಬುವ ಕಾರ್ಯ, ಒಂದು ಕಡೆ ಹೊಸ ಮನೆಯ ಕಾರ್ಯ, ಎಲ್ಲ ಕಡೆಯೂ ತಾಟು. ಪ್ರತಿ ಸಲವೂ ಹೋಗುವಾಗ ನಡೆದು ಹೋಗುತ್ತೀರಿ, ಮರುದಿನ ಇಬ್ಬರು ಹೊತ್ತು ತರುತ್ತಾರೆ. ಬಟ್ಟೆಯಲ್ಲಿ ಐಸು ಸುತ್ತಿ ಇಡುವವಳು, ಬಚ್ಚಲಿಗೆ ಹೆಗಲು ಕೊಡುವವಳು, ಹಾವೇರಿಗೆ ಓಡುವವಳು ನಾನು. ಬಂದವರ ಮುಂದೆ ನೀವು ಹೇಳುವುದು ಏನು? "ಹೊಲದಾಗ ಕಾಲು ಉಳುಕೇತಿ." ಅದೇನು ಹೊಲವೋ, ಕುರಿ ಕಡಿದ ಮರುದಿನವೇ ಕಾಲು ಉಳುಕಿಸುತ್ತದೆ!

ಹೋದ ತಿಂಗಳು ಕನಕಪ್ಪನ ಮೊಮ್ಮಗನ ತಲೆಗೂದಲು ತೆಗೆಸುವ ಜಾವಳದ ಹಿಂದಿನ ದಿನ ನಾನು ಕನಕಪ್ಪನ ಮನೆಗೆ ಹೋಗಿ ಕೇಳಿಕೊಂಡಿದ್ದೆ. ಈ ಸಲ ಅಣ್ಣನ ಮುಂದೆ ಆ ತಾಟು ಇಡಬೇಡ, ಅವರೂ ಎಲ್ಲರ ಹಾಗೆ ಎರಡು ತುಂಡು ಉಣ್ಣಲಿ ಎಂದೆ. ಅವನು ತಲೆ ಕೆರೆದುಕೊಂಡು ಒಪ್ಪಿದ, ಮರುದಿನ ಪಂಕ್ತಿಯಲ್ಲಿ ತಾಟು ಇಡಲೂ ಇಲ್ಲ. ಕೂಗಿ ಕೇಳಿದವರು ನೀವು. "ಕನಕ್ಯಾ, ನನ್ನ ಪಾಲು ಎಲ್ಲೈತೋ?" ಅಂದಿರಿ. ಪಂಕ್ತಿಯವರೆಲ್ಲ ಕೈ ಕಟ್ಟಿ ಕಾದರು. ಅವನು ಪಾಪ, ತಾಟು ತಂದಿಟ್ಟ. ನಾನು ರೊಟ್ಟಿಯ ಬುಟ್ಟಿ ಹಿಡಿದು ನಿಮ್ಮ ಎದುರಿಗೇ ನಿಂತಿದ್ದೆ. ನೀವು ತಲೆ ಎತ್ತಿ ನನ್ನ ಮುಖ ನೋಡಿದಿರಿ, ನೋಡಿಯೂ ತಾಟಿಗೆ ಕೈ ಹಾಕಿದಿರಿ. ಡಾಕ್ಟರ ಮಾತು, ನನ್ನ ಮೂರು ವರ್ಷದ ಅಡಿಗೆ, ನನ್ನ ನಿದ್ದೆ ಎಲ್ಲ ಆ ಒಂದು ನೋಟದಲ್ಲಿ ನಿಮ್ಮ ಕಣ್ಣಿಗೆ ಕಸವಾಯಿತು.

ಅದಕ್ಕೇ ಬುಟ್ಟಿ ಇಳಿಸಿ, ತಾಟು ಎಳೆದುಕೊಂಡು, ನಿಮ್ಮ ಪಕ್ಕದಲ್ಲೇ ಕೂತು ಉಂಡೆ. "ಏನ್ ಮಾಡಾಕತ್ತೀದಿ ಲೇ?" ಎಂದು ನೀವು ಗುಡುಗಿದಿರಿ. "ಹಿರೇತನ ಮಾಡಾಕತ್ತೇನ್ರಿ" ಅಂದೆ. ನಾನು ತಾಟು ಬಳಿದು ಮುಗಿಸುವತನಕ ಪಂಕ್ತಿಯಲ್ಲಿ ಯಾರೂ ತುತ್ತು ಎತ್ತಲಿಲ್ಲ. ನೀವು ಎದ್ದು ಹೋಗಿ ಗಂಗಕ್ಕನ ಗಾಡಿ ಹತ್ತಿದಿರಿ. ಬೆತ್ತವನ್ನೂ ಮರೆತಿರಿ, ನಾನೇ ಮನೆಗೆ ತಂದಿಟ್ಟೆ.

ತಪ್ಪಾಯಿತು ಎಂದು ಬರೆಯುತ್ತೇನೆ ಎಂದುಕೊಂಡಿದ್ದರೆ ಆ ಆಸೆ ಬಿಡಿ. ಒಂದು ಮಾತು ಮಾತ್ರ ಒಪ್ಪುತ್ತೇನೆ. ಅದು ಬಹಳ ರುಚಿಯಾಗಿತ್ತು. ಈ ಮನೆಗೆ ಬಂದಾಗಿನಿಂದ ಆ ಕಲೀಜಾವನ್ನು ಉಪ್ಪು ಖಾರ ಹಚ್ಚಿ ಸುಟ್ಟವಳು ನಾನು, ಒಂದು ಚೂರು ಬಾಯಿಗೆ ಹಾಕಿಕೊಂಡಿರಲಿಲ್ಲ. ನೀವು ಇದನ್ನು ಬಿಡಲಾರದೆ ಒದ್ದಾಡುವುದು ಯಾಕೆ ಎಂದು ಅವತ್ತು ತಿಳಿಯಿತು. ತಿಳಿದ ಮೇಲೆ ಸಿಟ್ಟು ಕಡಿಮೆಯಾಗಬೇಕಿತ್ತು, ಇನ್ನೂ ಹೆಚ್ಚಾಯಿತು. ಬಾಯಿಚಪಲ ಎಂದು ಬಾಯಿ ಬಿಟ್ಟು ಹೇಳಿದ್ದರೆ ಇಬ್ಬರೂ ಸೇರಿ ಏನಾದರೂ ದಾರಿ ಹುಡುಕುತ್ತಿದ್ದೆವು. ಅದಕ್ಕೆ ದೇವರು, ಮನೆತನ, ಹಿರೇತನ ಎಂದೆಲ್ಲ ಹೆಸರಿಟ್ಟು ನನ್ನ ಬಾಯಿ ಮುಚ್ಚಿಸಿದಿರಿ.

ಈಗ ಗಂಗಕ್ಕನ ಉಪಚಾರ. ಕಾಲು ನೋವಿಗೆ ಕಾಲು ಸೂಪು! ದಿನಾ ಬೆಳಿಗ್ಗೆ ಕುರಿಯ ಕಾಲು ಕುದಿಸಿ ಲೋಟ ತುಂಬಿ ಕೊಡುತ್ತಾರಂತೆ. "ಬ್ಯಾಳಿ ಒಂದೂ ಹಾಕೂದಿಲ್ಲವ್ವಾ, ಪಥ್ಯ ಅಂದ್ರ ಪಥ್ಯ" ಎಂದು ನನಗೇ ಹೇಳಿದರು. ಉಣ್ಣಬಹುದು ಎಂದ ಬೇಳೆಯನ್ನು ಬಿಡಿಸಿ, ಬೇಡವೆಂದ ಕಾಲನ್ನು ಕುಡಿಸುತ್ತಿದ್ದಾರೆ. ಅವರದು ಪ್ರೀತಿ, ಅವರ ಮೇಲೆ ನನಗೆ ಸಿಟ್ಟಿಲ್ಲ. ಡಾಕ್ಟರ ಎದುರಿಗೆ ಕೂತು ಎಲ್ಲವನ್ನೂ ಕಿವಿಯಾರೆ ಕೇಳಿದ ನೀವು ಸುಮ್ಮನೆ ಲೋಟ ಎತ್ತಿ ಕುಡಿಯುತ್ತೀರಲ್ಲ, ಸಿಟ್ಟು ನಿಮ್ಮ ಮೇಲೆ. ಅವತ್ತು ನಿಮ್ಮ ಪಾಲು ಉಂಡವಳು ನಾನು. ಆದರೂ ಈಗ ನಿಮ್ಮ ಕಾಲೇ ಬಾತಿದೆ. ಬೈದು ಬೈದು ನನಗೂ ಸಾಕಾಗಿದೆ.

ಸುಚಿತ್ರಾ ಬಂದಾಗ ಮೊದಲು ಡಾಕ್ಟರು ಬರೆದುಕೊಟ್ಟ ನೋವಿನ ಗುಳಿಗೆ ತೆಗೆದುಕೊಳ್ಳಿ, ಸೂಪಿನ ಲೋಟ ದೂರ ತಳ್ಳಿ. ಊರಿ ನಿಲ್ಲುವ ಹಾಗಾದ ಕೂಡಲೇ ಹೊರಡಿ. ದಾರಿಯಲ್ಲಿ ಹಾವೇರಿಯಲ್ಲಿ ಇಳಿದು ಡಾಕ್ಟರಿಗೆ ತೋರಿಸಿ, ದಿನದ ಗುಳಿಗೆ ಬಿಟ್ಟದ್ದನ್ನೂ ಬೀರು ಕುಡಿದದ್ದನ್ನೂ ಮುಚ್ಚದೆ ಹೇಳಿ. ಮನೆಗೆ ಬಂದರೆ ನಾನು ಮಾತು ಬಿಡುತ್ತೇನೆ ಎಂದು ಹೆದರಬೇಡಿ, ಇನ್ನೂ ಹೆಚ್ಚೇ ಮಾತಾಡುತ್ತೇನೆ. ಗೋಡೆಯ ಮೇಲೆ ಬೆತ್ತ ಹಿಡಿದವರ ಫೋಟೊ ಎರಡು ಇವೆ. ಮೂರನೆಯದಕ್ಕೆ ಮೊಳೆ ಹೊಡೆಯುವವಳು ನಾನಲ್ಲ. ನೀವು ನನ್ನ ಪಕ್ಕದಲ್ಲಿ ಕೆರೆಯ ತನಕ ನಡೆಯಬೇಕು, ನನಗೆ ಬೇಕಾದದ್ದು ಅಷ್ಟೇ.

ಇಂತಿ,
ಸಿಟ್ಟು ಇಳಿಯದ ನಿಮ್ಮ
ಉಚ್ಚಂಗೆವ್ವ

ತಾ.ಕ.: ಇನ್ನೊಂದು ಕಾರಣವಿದೆ ಎಂದೆನಲ್ಲ. ನೀವು ಇಲ್ಲದ್ದರಿಂದ ಹೋದ ವಾರ ಅಗಡಿಯ ನೆಂಟರ ಮನೆಯ ಕಾರ್ಯದಲ್ಲಿ ತಾಟು ಕನಕಪ್ಪನ ಮುಂದೆ ಹೋಯಿತು. ನಿನ್ನೆ ಬೆಳಿಗ್ಗೆ ಅವನು ಗೋಡೆ ಹಿಡಿದುಕೊಂಡು ನಮ್ಮ ಮನೆಗೆ ಬಂದ. ಬಲಗಾಲಿನ ಹೆಬ್ಬೆಟ್ಟು ಬದನೆಕಾಯಿಯ ಹಾಗೆ ಬಾತು ಮಿರುಗುತ್ತಿದೆ. ಕಣ್ಣಲ್ಲಿ ನೀರು, ಬಾಯಲ್ಲಿ ನಗು, ಅವತ್ತು ನೀವು ನಕ್ಕ ಹಾಗೆಯೇ. "ವೈನಿ, ಹಿರೇತನ ನನ್ನ ಕಾಲಿಗೆ ಇಳದೈತಿ. ಅಣ್ಣನ ಬೆತ್ತ ಕೊಡ್ರಿ" ಅಂದ. ಇದು ರೋಗ, ಹಾವೇರಿಗೆ ಹೋಗೋಣ ನಡಿ ಎಂದು ಕೈ ಮುಗಿದು ಹೇಳಿದೆ. "ಅಣ್ಣ ಹೇಳ್ಲಿ, ಆಮ್ಯಾಲ ನೋಡೂಣು" ಎಂದು ನಕ್ಕ. ನಾನು ಬೆತ್ತವನ್ನು ಜೋಳದ ಡ್ರಮ್ಮಿನೊಳಗೆ ಹುಗಿದಿಟ್ಟು, ಕಾಣುತ್ತಿಲ್ಲ ಎಂದು ಕಳಿಸಿದ್ದೇನೆ.

ನನ್ನ ಮಾತು ಅವನಿಗೆ ಹೆಂಗಸಿನ ಮಾತು, ನೀವು ಹೇಳಿದರೆ ಹಿರಿಯನ ಮಾತು. ಆ ಹಿರೇತನ ನಿಮ್ಮಲ್ಲಿ ಖರೇ ಇದ್ದರೆ ಬಂದು ತಮ್ಮನಿಗೆ ನಿಜ ಹೇಳಿ. ಯಾವ ಹೊತ್ತಿಗೆ ಬಂದರೂ ಅವನು ಮನೆಯಲ್ಲೇ ಸಿಗುತ್ತಾನೆ, ಎದ್ದು ನಡೆಯಲಿಕ್ಕೆ ಬರುವುದಿಲ್ಲ.