ನಿನ್ನಮ್ಮನ ಗುಡ್ಡಕ್ಕೆ ಮೂರು ನಿಮಿಷ

ಬ್ರೈರ್ ಹಳ್ಳ, ಪಶ್ಚಿಮ ವರ್ಜೀನಿಯಾ
ಮೇ ತಿಂಗಳು

ಚಿರಂಜೀವಿ ಡೋರ್ಸಿಗೆ,

ಆಶೀರ್ವಾದ ಆಮೇಲೆ, ಮೊದಲು ಜಗಳ.

ಕಲ್ಲಿದ್ದಲು ಕಂಪನಿಗೆ ನಮ್ಮ ಗುಡ್ಡ ಒಡೆಯಲು ಬಿಡಬೇಡಿ ಎಂದು ಹೇಳಲು ನಿನ್ನೆ ನೀನು ಅಧ್ಯಕ್ಷನಾಗಿರುವ ಜಿಲ್ಲಾ ಮಂಡಳಿಯ ಸಭೆಗೆ ಬಂದಿದ್ದೆ. ಮಾತಾಡಲು ತಲೆಗೆ ಮೂರೇ ನಿಮಿಷವಂತೆ. ಎದ್ದು ನಿಂತು, ನಮ್ಮ ಕಡೆಯ ವಾಡಿಕೆಯಂತೆ, ಮೊದಲು ಎಲ್ಲರ ಯೋಗಕ್ಷೇಮ ಕೇಳಿದೆ. ಪಕ್ಕದ ಮನೆಯ ವರ್ಲಿನ್‌ನ ಮಂಡಿನೋವು, ಅವನ ಮಗಳ ಬಾಣಂತನ ವಿಚಾರಿಸುವಷ್ಟರಲ್ಲಿ ನೀನು ಸುತ್ತಿಗೆ ಕುಟ್ಟಿದೆ. "ಹ್ಯಾಚರ್ ಅವರೇ, ನಿಮ್ಮ ಟೈಮ್ ಮುಗೀತು, ಕೂತ್ಕೊಳ್ಳಿ."

ಹ್ಯಾಚರ್ ಅವರೇ! ನಿನ್ನಮ್ಮ ಹೋದ ಮೇಲೆ ನಿನ್ನನ್ನು ಸಾಕಿದವಳು ನಾನು ಕಣೋ. ಹಿಂದಿನಿಂದ ವರ್ಲಿನ್, "ಏನ್ ದೊರೆ, ದೊಡ್ಡಮ್ಮನ ಗುರುತೂ ಸಿಗ್ಲಿಲ್ವಾ?" ಅಂದಾಗ ಎಲ್ಲರೂ ನಕ್ಕರು. ನೀನು ತಲೆ ತಗ್ಗಿಸಿಕೊಂಡೇ ಮೊದಲ ಸುತ್ತಿನ ಮತದಲ್ಲಿ ಕಂಪನಿಯ ಪರವಾಗಿ ಕೈ ಎತ್ತಿದೆ.

ಗಣಿಯವರ ಸಂಘ ಕಟ್ಟಿ, ಕಂಪನಿಯ ಗುಂಡಿಗೆ ಎದೆಕೊಟ್ಟ ನಿನ್ನ ತಾತ ಆ ಗುಡ್ಡದಲ್ಲೇ ಮಲಗಿದ್ದಾನೆ. ಪಕ್ಕದಲ್ಲಿ ನಿನ್ನಮ್ಮ. ಗೋರಿಗಳಿಗೆ ಬೇಲಿ ಹಾಕಿ ಉಳಿಸುತ್ತಾರಂತೆ. ಒಡೆದ ಕಲ್ಲುಮಣ್ಣನ್ನೆಲ್ಲ ಸುರಿಯುವುದು ಕೆಳಗಿನ ಹಳ್ಳಕ್ಕೆ. ನಿನಗೆ ದೀಕ್ಷಾಸ್ನಾನ ಮಾಡಿಸಿದ್ದು ಅದೇ ನೀರಿನಲ್ಲಿ, ನಾವು ಇವತ್ತಿಗೂ ಕುಡಿಯುವುದು ಅದನ್ನೇ. ನೀರಿಗೆ ಯಾವ ಬೇಲಿ ಹಾಕುತ್ತೀರಿ?

ಈ ಭಾನುವಾರ ಗೋರಿ ಸಿಂಗರಿಸುವ ದಿನ. ಕಳೆ ತೆಗೆಯಲು ಗುದ್ದಲಿ, ಗೋರಿಗಿಡಲು ಕಾಗದದ ಹೂವು ತೆಗೆದುಕೊಂಡು ಬಾ. ಅಲ್ಲೇ ಕೂತು ಊಟ ಮಾಡಲು ಮೆಕ್ಕೆಜೋಳದ ರೊಟ್ಟಿ, ಬೀನ್ಸ್ ನಾನು ತರುತ್ತೇನೆ. ಕೊನೆಯ ಮತ ಮಂಗಳವಾರ ತಾನೇ? ಅದಕ್ಕೆ ಮುಂಚೆ ನಿನ್ನಮ್ಮನ ಎದುರು ನಿಂತು, ಕೈ ಯಾಕೆ ಎತ್ತಿದೆ ಎಂದು ಹೇಳು. ನಿಧಾನವಾಗಿಯೇ ಹೇಳು. ನಾನು ಗಡಿಯಾರ ನೋಡುವುದಿಲ್ಲ.

ಇನ್ನೂ ನಿನ್ನ ದೊಡ್ಡಮ್ಮನೇ ಆಗಿರುವ,
ಓಪಲ್