ನನ್ನ ಗೇಮ್ ಕ್ಯಾಬಿನೆಟ್ಟಿಗೆ ಪ್ಲೈವುಡ್ಡೇ ಬೇಕು

ಬೀದರ್ ಹಾಸ್ಟೆಲ್
ಗುರುವಾರ

ಅಪ್ಪಾಜಿಗೆ ನಮಸ್ಕಾರ.

ಸಿಟ್ಟು ಬಂದರೆ ಫೋನಿನಲ್ಲಿ ನನಗೆ ಮಾತೇ ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪಡಸಾಲೆಯಲ್ಲಿ ಇಡುವ, ನಿಂತು ವಿಡಿಯೋ ಗೇಮ್ ಆಡುವ ನನ್ನ ಆರ್ಕೇಡ್ ಗೇಮ್ ಕ್ಯಾಬಿನೆಟ್ಟಿಗೆ ವಾಟರ್‌ಪ್ರೂಫ್ ಪ್ಲೈವುಡ್ ಹೇಳಿದ್ದೆ. ನೀವು ಪಾರ್ಟಿಕಲ್ ಬೋರ್ಡ್ ತರಿಸಿದ್ದೀರಂತೆ. ಬಡಿಗ ಹಾವಗೆಪ್ಪ ಭಾಲ್ಕಿಯಿಂದ ಫೋನ್ ಮಾಡಿ ನಗುತ್ತಿದ್ದ: "ರಜಾಕ್ಕ ಬಂದು ಹೋಗೋ ಹುಡ್ಗಗ ಇಷ್ಟೇ ಸಾಕು ಅಂದಾರ ನಿಮ್ಮಪ್ಪ. ಸಿಟ್ಟಾಗಬ್ಯಾಡ ತಮ್ಮಾ."

ಅವ್ವ ಪ್ರತಿ ಸೋಮವಾರ ಕೊಡಗಟ್ಟಲೆ ನೀರು ಸುರಿದು ಪಡಸಾಲೆ ತೊಳೆಯುವುದು ನಿಮಗೆ ಗೊತ್ತಿಲ್ಲವೇ? ಆ ಬೋರ್ಡ್ ಅಂದರೆ ಅಂಟು ಹಾಕಿ ಒತ್ತಿದ ಮರದ ಪುಡಿ. ನೀರು ಕುಡಿದು ಉಬ್ಬಿ ಉದುರುತ್ತದೆ. ದೇವರ ಜಗಲಿಗೆ ಸಾಗವಾನಿ, ಅಣ್ಣನ ಮಂಚಕ್ಕೂ ಸಾಗವಾನಿ, ನನಗೆ ಮಾತ್ರ ಪುಡಿ. ದಿಸ್ ಈಸ್ ನಾಟ್ ಫೇರ್, ಅಪ್ಪಾಜಿ.

ಐದನೇ ಕ್ಲಾಸಿಗೇ ಹಾಸ್ಟೆಲ್ಲಿಗೆ ಹಾಕಿದವರು ನೀವು. ರಜೆಗೆ ಮಾತ್ರ ಬರುತ್ತೇನೆಂದು ನಾನು ಹೇಳಿರಲಿಲ್ಲ.

ಬೋರ್ಡ್ ಕೊಯ್ಯಿಸಬೇಡಿ, ವಾಪಸ್ ಕಳಿಸಿ. ಶನಿವಾರ ಬರುವಾಗ ಭಾಲ್ಕಿಯಲ್ಲಿ ಇಳಿದು ಪ್ಲೈವುಡ್ ನಾನೇ ಆರಿಸುತ್ತೇನೆ. ಟಿವಿ ಪಕ್ಕದ ಗೋಡೆ ಖಾಲಿ ಇರಲಿ. ಕ್ಯಾಬಿನೆಟ್ಟನ್ನು ಗೋಡೆಗೇ ಸ್ಕ್ರೂ ಹೊಡೆದು ಕೂರಿಸಬೇಕು. ನಾನು ಇಲ್ಲದಾಗ ಯಾರೂ ಎತ್ತಿ ಅಟ್ಟಕ್ಕೆ ಹಾಕಬಾರದು.

ನಿಮ್ಮ ಕಿರಿಯ ಮಗ,
ಸಂಜುಕುಮಾರ