ಹನ್ನೊಂದನೇ ಜಾಗದ ಸೋಫಾಕ್ಕೆ ಜಡಿದ ಬೀಗದ ಕುರಿತು

ವಾಹನ ನಿಲುಗಡೆ ಗುತ್ತಿಗೆ ಸಂಸ್ಥೆಯ ಮೇಲ್ಮನವಿ ವಿಭಾಗದ ಮುಖ್ಯಾಧಿಕಾರಿಗಳೇ,

ಮಾನ್ಯರೇ, ಕಳೆದ ಸೋಮವಾರ ಮಧ್ಯಾಹ್ನ ನಮ್ಮ ವಸತಿ ಸಮುಚ್ಚಯದ ಹನ್ನೊಂದನೇ ಜಾಗದಲ್ಲಿ ನೀವು ಹಳದಿ ಬೀಗ ಜಡಿಸಿರುವುದು ಒಂದು ಸೋಫಾಕ್ಕೆ. ಕಾರಿಗಲ್ಲ, ಸ್ಕೂಟರಿಗಲ್ಲ. ಮೂರು ಜನ ಕೂರುವ, ಕಂದು ಬಣ್ಣದ, ಹೊಸ ಬಟ್ಟೆ ಹೊದ್ದ ಸೋಫಾಕ್ಕೆ. ಇದನ್ನು ಮೊದಲಿಗೇ ಹೇಳಿಬಿಡುತ್ತಿದ್ದೇನೆ. ಹಿಂದಿನ ಎರಡು ಪತ್ರಗಳಲ್ಲಿ ಇದು ಸೋಫಾ ಎಂಬ ಮಾತು ಮೂರನೇ ಪ್ಯಾರಾದಲ್ಲಿತ್ತು, ಅಲ್ಲಿಯವರೆಗೆ ನಿಮ್ಮ ಕಚೇರಿಯಲ್ಲಿ ಯಾರೂ ಓದಿದ ಹಾಗೆ ಕಾಣಲಿಲ್ಲ. ಈ ಸಲ ಒಂದು ಪ್ರತಿಯನ್ನು ಪತ್ರಿಕೆಗೂ ಇನ್ನೊಂದನ್ನು ನಮ್ಮ ಗೇಟಿನ ನೋಟೀಸ್ ಬೋರ್ಡಿಗೂ ಕೊಟ್ಟಿದ್ದೇನೆ. ನೀವು ಓದದಿದ್ದರೂ ಹಾಲಿನವರಾದರೂ ಓದುತ್ತಾರೆ.

ನಾನು ಕುಶನ್ ಕೆಲಸದವಳು. ಹಳೆಯ ಸೋಫಾ, ಕುರ್ಚಿಗಳ ಬಟ್ಟೆ ಬಿಚ್ಚಿ, ಜೋತುಬಿದ್ದ ಸ್ಪ್ರಿಂಗು ಬಿಗಿದು, ಹೊಸ ಫೋಮು ತುಂಬಿ, ಹೊಸ ಬಟ್ಟೆ ಹೊದಿಸಿ ಕೊಡುವುದು ನನ್ನ ಹದಿನೆಂಟು ವರ್ಷದ ಕಸುಬು. ನೆಲಮಹಡಿಯ ನನ್ನ ಮನೆಯ ಬಾಗಿಲೆದುರಿಗೇ ಹನ್ನೊಂದನೇ ಜಾಗವಿದೆ. ಅದು ನನ್ನ ಮನೆಪತ್ರದಲ್ಲೇ ಬರೆದಿರುವ ಜಾಗ. ನನಗೆ ಕಾರಿಲ್ಲ, ಓಡಿಸಲೂ ಬರುವುದಿಲ್ಲ. ಸೋಫಾದ ಹೊಟ್ಟೆ ಬಿಚ್ಚಿದರೆ ಏಳುವ ಧೂಳು, ಅಂಟಿನ ವಾಸನೆ ಎರಡೂ ನನ್ನ ಅಕ್ಕನಿಗೆ ಆಗಿಬರುವುದಿಲ್ಲವಾದ್ದರಿಂದ ಕೆಲಸವನ್ನು ಆ ಜಾಗದಲ್ಲಿ ಮಾಡುತ್ತೇನೆ. ಮದುವೆಯಾಗದ ಇಬ್ಬರು ಅಕ್ಕತಂಗಿಯರು ಒಂದೇ ಮನೆಯಲ್ಲಿ ಜಗಳವಿಲ್ಲದೆ ಬಾಳುತ್ತಿರುವುದಕ್ಕೆ ಆ ನಾಲ್ಕು ಬಿಳಿ ಗೆರೆಗಳೇ ಕಾರಣ.

ಇನ್ನೊಂದು ವಿಷಯವನ್ನೂ ಮುಚ್ಚಿಡದೆ ಒಪ್ಪಿಕೊಳ್ಳುತ್ತೇನೆ. ಹೊರಗಿನವರು ಬಂದು ನಮ್ಮ ಜಾಗಗಳಲ್ಲಿ ಗಾಡಿ ನಿಲ್ಲಿಸಿ ಹೋಗುತ್ತಾರೆಂದು ನಿವಾಸಿಗಳ ಸಭೆ ಸೇರಿದಾಗ, ನಿಮ್ಮ ಸಂಸ್ಥೆಯನ್ನು ಕರೆಸೋಣ ಎಂದು ಮೊದಲು ಕೈ ಎತ್ತಿದವಳು ನಾನೇ. ಕೈ ಎತ್ತಿದ್ದಲ್ಲದೆ ಚಪ್ಪಾಳೆಯನ್ನೂ ತಟ್ಟಿದೆ. ಅಕ್ಕ ಅದನ್ನು ದಿನಕ್ಕೆರಡು ಸಲ ನೆನಪಿಸುತ್ತಾಳೆ, ಬೆಳಿಗ್ಗೆ ಕಾಫಿಯ ಹೊತ್ತಿಗೊಮ್ಮೆ, ಸಂಜೆ ಬಾಗಿಲು ತೆರೆದು ಆ ಬೀಗ ಕಂಡಾಗಲೊಮ್ಮೆ.

ಈಗ ಸೋಫಾದ ವಿಚಾರ. ಅದು ಎರಡನೇ ಮಹಡಿಯ ಟೀಚರಮ್ಮನವರದು. ಅವರ ಯಜಮಾನರು ಬಸ್ ಓಡಿಸುತ್ತಿದ್ದವರು, ಈಗ ನಿವೃತ್ತರು, ನಮಗೆಲ್ಲ ಡ್ರೈವರ್ ಮಾಮ. ಮೂವತ್ತೊಂದು ವರ್ಷ ಸ್ಟಿಯರಿಂಗ್ ಹಿಡಿದು ಅವರ ಬೆನ್ನು ಹಾಸಿಗೆಯನ್ನು ಒಪ್ಪದಂತಾಗಿದೆ. ಹನ್ನೊಂದು ವರ್ಷದಿಂದ ಅವರು ಮಲಗುವುದು ಈ ಸೋಫಾದ ಮೇಲೆ ಮಾತ್ರ, ಅದರ ಎಡಗೈಗೆ ತಲೆಯಿಟ್ಟು, ಕಾಲು ಮಡಚಿಕೊಂಡು. ಹೆಂಡತಿಗೆ ಕಸ ಗುಡಿಸಲು ಸುಲಭವಾಗಲೆಂದು ಅದಕ್ಕೆ ನಾಲ್ಕು ಗಾಲಿಗಳನ್ನು ತಾವೇ ಕೂರಿಸಿದ್ದಾರೆ. ಗಾಲಿಗೆ ಸಣ್ಣ ಬ್ರೇಕನ್ನೂ ಇಟ್ಟಿದ್ದಾರೆ. ಬ್ರೇಕಿಲ್ಲದ ಯಾವುದರ ಮೇಲೂ ಅವರಿಗೆ ನಿದ್ದೆ ಬರುವುದಿಲ್ಲವಂತೆ. ನಡುವಿನ ಸ್ಪ್ರಿಂಗು ಮುರಿದು ಪಕ್ಕೆಗೆ ಚುಚ್ಚತೊಡಗಿದಾಗ ಸೋಫಾ ನನ್ನ ಬಳಿ ಬಂತು. "ಒಂದು ವಾರ ಮಾಮ, ಮುಂದಿನ ಸೋಮವಾರ ಸಂಜೆ ನಿಮ್ಮ ಮನೇಲಿರತ್ತೆ" ಎಂದು ಮಾತು ಕೊಟ್ಟೆ.

ಸೋಮವಾರ ಸೋಫಾ ಬಂತು, ಬುಧವಾರ ನಿಮ್ಮ ಗಸ್ತಿನವರು ಬಂದರು. ನಾನು ಒಳಗೆ ಬಟ್ಟೆ ಕತ್ತರಿಸುತ್ತಿದ್ದೆ. ಹೊರಗೆ ಬಂದು ನೋಡಿದರೆ ಅವರು ಸೋಫಾದ ಮೇಲೆಯೇ ಆರಾಮಾಗಿ ಕೂತು, ಬೂಟು ಬಿಚ್ಚಿಟ್ಟು, ಅದೇ ಸೋಫಾಕ್ಕೆ ದಂಡದ ಚೀಟಿ ಬರೆಯುತ್ತಿದ್ದರು. ಬರೆದು ಮುಗಿಸಿ, ಆ ದಿನ ಬೆಳಿಗ್ಗೆಯಷ್ಟೇ ನಾನು ಹೊದಿಸಿದ್ದ ಹೊಚ್ಚಹೊಸ ಬಟ್ಟೆಯ ಬೆನ್ನಿಗೆ ಚೀಟಿಯನ್ನು ಅಂಟು ಹಚ್ಚಿ ಅಂಟಿಸಿಬಿಟ್ಟರು. ಮಾನ್ಯರೇ, ಹದಿನೆಂಟು ವರ್ಷದಲ್ಲಿ ಗಿರಾಕಿಗಳು ನನ್ನನ್ನು ಬೈದಿದ್ದಾರೆ, ಸತಾಯಿಸಿದ್ದಾರೆ, ಬಣ್ಣ ಬೇರೆಯಾಯಿತೆಂದು ಕಣ್ಣೀರು ಹಾಕಿದ್ದಾರೆ. ಹೊಸ ಬಟ್ಟೆಗೆ ಅಂಟು ಬಳಿದವರು ಮಾತ್ರ ನೀವೊಬ್ಬರೇ.

"ಏನ್ರೀ ಇದು, ಸೋಫಾಗೆ ಪಾರ್ಕಿಂಗ್ ದಂಡಾನಾ?" ಎಂದೆ.

"ಚಕ್ರ ಇದೆ ಅಲ್ವಾ ಮೇಡಂ" ಎಂದರು ಅವರು, ಬೂಟು ಹಾಕಿಕೊಳ್ಳುತ್ತಾ. "ಚಕ್ರ ಇರ್ಬೇಕು, ಗೆರೆ ಒಳಗಿರ್ಬೇಕು, ನಮ್ಮ ಪಾರ್ಕಿಂಗ್ ಕಾರ್ಡ್ ಇರ್ಬಾರ್ದು. ಮೂರೂ ಸೇರಿದ್ರೆ ಬರೀರಿ ಅಂತ ಟ್ರೇನಿಂಗಲ್ಲಿ ಹೇಳಿಕೊಟ್ಟಿದಾರೆ."

"ಹಾಗಾದ್ರೆ ಪಾಪುನ ಕೂರಿಸೋ ತಳ್ಳುಗಾಡಿಗೂ ಬರೀತೀರಾ?"

"ಹೋದ ವಾರ ಒಂದಕ್ಕೆ ಬರೆಯೋಕೆ ಶುರು ಮಾಡಿದ್ದೆ. ಅಷ್ಟರಲ್ಲಿ ಅವರಮ್ಮ ಓಡಿಸ್ಕೊಂಡು ಹೋಗ್ಬಿಟ್ರು." ಸ್ವಲ್ಪ ತಡೆದು, "ನಿಮ್ಮ ಸೋಫಾ ಚೆನ್ನಾಗಿದೆ ಮೇಡಂ. ಇಡೀ ಏರಿಯಾದಲ್ಲಿ ಕೂತು ಬರೆಯೋ ಹಾಗಿರೋ ಗಾಡಿ ಇದೊಂದೇ" ಎಂದು ಹೊಗಳಿ ಹೋದರು. ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ. ದಿನವಿಡೀ ನಿಂತೇ ಇರುವವರು. ಸಿಟ್ಟಿರುವುದು ಆ ಟ್ರೇನಿಂಗ್ ಕೊಟ್ಟವರ ಮೇಲೆ.

ಇಲ್ಲಿ ನನ್ನ ತಪ್ಪೂ ಒಂದಿದೆ, ಬರೆಯುವುದಕ್ಕೆ ಕೈ ಹಿಂದೆಗೆಯುತ್ತದೆ. ಚೀಟಿಯ ಹಿಂದೆ ಒಂದು ಫಾರಂ ಇತ್ತು. ಆಕ್ಷೇಪಣೆ ಇದ್ದವರು ವಾಹನದ ವಿವರಗಳೊಂದಿಗೆ ತುಂಬಿ ಕಳಿಸಬೇಕು ಎಂದಿತ್ತು. ನನ್ನ ಕಸುಬಿನಲ್ಲಿ ಪ್ರತಿ ಸೋಫಾಕ್ಕೂ ಒಂದು ಆರ್ಡರ್ ಚೀಟಿ ತುಂಬುತ್ತೇವೆ: ಉದ್ದ, ಅಗಲ, ಬಣ್ಣ, ಎಷ್ಟು ಸೀಟು, ಎಲ್ಲೆಲ್ಲಿ ಹರಿದಿದೆ. ಒಂದು ಖಾನೆ ಖಾಲಿ ಬಿಟ್ಟರೂ ಕೊನೆಗೆ ಕುಶನ್ನು ಎರಡು ಬೆರಳು ಗಿಡ್ಡವಾಗುತ್ತದೆ. ಹೀಗಾಗಿ ಖಾಲಿ ಖಾನೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ವಾಹನದ ಬಣ್ಣ ಎಂಬಲ್ಲಿ, ಗಾಢ ಕಂದು ಎಂದು ಬರೆದೆ. ಆಸನಗಳು: ಮೂರು, ಒತ್ತಿಕೊಂಡರೆ ನಾಲ್ಕು. ತಯಾರಾದ ವರ್ಷ: ಗೊತ್ತಿಲ್ಲ, ಸ್ಪ್ರಿಂಗು ನೋಡಿದರೆ ಇಪ್ಪತ್ತರ ಮೇಲಾಗಿದೆ. ಇಂಧನ: ಬೇಕಿಲ್ಲ. ಹಾನಿಯ ವಿವರ: ನಡುವೆ ಕುಸಿತ, ಸರಿಪಡಿಸಲಾಗಿದೆ. ನೋಂದಣಿ ಸಂಖ್ಯೆ ಎಂದಲ್ಲಿ ನನ್ನ ಆರ್ಡರ್ ಸಂಖ್ಯೆ ನಾನೂರ ಹನ್ನೆರಡು ಎಂದು ಬರೆದೆ. ಕೊನೆಯಲ್ಲಿ 'ವಾಹನದ ಹೊಣೆಗಾರರ ಸಹಿ' ಎಂದಿತ್ತು. ಗಿರಾಕಿಯ ವಸ್ತು ನನ್ನ ಬಳಿ ಇರುವಷ್ಟು ದಿನ ಹೊಣೆ ನನ್ನದೇ ಅಲ್ಲವೇ? ನೇರವಾಗಿ ಸಹಿ ಹಾಕಿದೆ. ಇದು ಸೋಫಾ ಎಂಬ ಮಾತನ್ನು ಫಾರಂ ಜೊತೆಗಿಟ್ಟ ಪತ್ರದಲ್ಲಿ ಬರೆದಿದ್ದೆ. ಎಲ್ಲಿ ಎಂದರೆ, ಮೂರನೇ ಪ್ಯಾರಾದಲ್ಲಿ.

"ಫಾರಂ ಕಂಡ್ರೆ ನಿಂಗೆ ಅದೇನು ಕೈ ಕಡಿತಾನೋ!" ಎಂದು ಅಕ್ಕ ಹಣೆ ಚಚ್ಚಿಕೊಂಡಳು. "ಯಾರಾದ್ರೂ ಸೋಫಾಗೆ ನಂಬರ್ ಕೊಡ್ತಾರೇನೇ?"

ಶುಕ್ರವಾರ ನಿಮ್ಮ ಉತ್ತರ ಬಂತು. ನಾನೂರ ಹನ್ನೆರಡನೇ ಸಂಖ್ಯೆಯ ಕಂದು ವಾಹನವನ್ನು ನನ್ನ ಹೆಸರಿನಲ್ಲಿ ದಾಖಲಿಸಿಕೊಂಡಿದ್ದಕ್ಕೆ ಸಂತೋಷ ವ್ಯಕ್ತಪಡಿಸಿ, ಅದರ ವಿಮೆಯ ಪ್ರತಿ ಎಲ್ಲಿ ಎಂದು ಕೇಳಿದ್ದಿರಿ. ಹೊಗೆ ತಪಾಸಣೆಯ ಪ್ರಮಾಣಪತ್ರವನ್ನೂ ಕೇಳಿದ್ದಿರಿ. ಮಾನ್ಯರೇ, ಹೊಗೆ ಬರುವ ಸೋಫಾ ಆಗಿದ್ದರೆ ನಾನು ಅಗ್ನಿಶಾಮಕ ದಳಕ್ಕೆ ಬರೆಯುತ್ತಿದ್ದೆ, ನಿಮಗೇಕೆ ಬರೆಯಲಿ? ಎರಡನೇ ಪತ್ರ ಹಾಕಿ, ಶನಿವಾರ ಫೋನನ್ನೂ ಮಾಡಿದೆ. ನಿಮ್ಮ ಕಚೇರಿಯ ಹುಡುಗಿ ತುಂಬ ವಿನಯವಂತೆ.

"ಗಾಡಿ ಯಾವ್ದು ಮೇಡಂ?"

"ಗಾಡಿ ಅಲ್ಲಮ್ಮ, ಅದು ಸೋಫಾ."

"ಹೂಂ, ಇಲ್ಲಿ ಬರ್ತಿದೆ ಮೇಡಂ. ಕಂದು, ಮೂರು ಸೀಟು. ಆಟೋಮ್ಯಾಟಿಕ್ಕಾ?"

ನಾನು ಫೋನನ್ನು ಅಕ್ಕನ ಕೈಗೆ ಕೊಟ್ಟೆ. ಅಕ್ಕ ಆಡಿದ ಮಾತುಗಳನ್ನು ಬಹಿರಂಗ ಪತ್ರದಲ್ಲಿ ಬರೆಯುವಂತಿಲ್ಲ.

ಸೋಮವಾರ ಬೆಳಿಗ್ಗೆ ಕೆಲಸ ಮುಗಿಯಿತು. ನಿಮ್ಮ ಅಂಟಿನ ಕಲೆ ಹೋಗದೆ ಬೆನ್ನಿನ ಬಟ್ಟೆಯನ್ನು ಮತ್ತೊಮ್ಮೆ ಕತ್ತರಿಸಿ ಹೊದಿಸಿದ್ದೆ. ನಾನು ಊಟಕ್ಕೆ ಒಳಗೆ ಹೋದ ಅರ್ಧ ಗಂಟೆಯಲ್ಲಿ ನೀವು ಬೀಗ ಜಡಿಸಿದ್ದಿರಿ. ಕಾರಿನ ಚಕ್ರಕ್ಕೆಂದು ಮಾಡಿದ ಬೀಗ ಆ ಪುಟ್ಟ ಗಾಲಿಗೆ ಹೊಂದದೆ, ನಿಮ್ಮವರು ಅದರ ಸರಪಳಿಯನ್ನು ಸೋಫಾದ ಎಡಗೈಯ ಮರದೊಳಗಿಂದ ತೂರಿಸಿ ಗಾಲಿಗೆ ಬಿಗಿದಿದ್ದರು. ಇಷ್ಟು ಅಚ್ಚುಕಟ್ಟಾಗಿ ಬಿಗಿದವರು ಕುಶನ್ ಕೆಲಸಕ್ಕೆ ಬಂದರೆ ನಾನೇ ಸಂಬಳ ಕೊಡುತ್ತೇನೆ. "ಗಾಲಿ ಬಿಚ್ಚಿದ್ರಾಯ್ತಪ್ಪ" ಎಂದು ಅಕ್ಕ ಸ್ಕ್ರೂಡ್ರೈವರ್ ಹಿಡಿದು ಬಂದಳು. ಆದರೆ ಗೇಟಿನ ಬಳಿ ನೀವು ನೆಟ್ಟಿರುವ ನಿಯಮಗಳ ಬೋರ್ಡಿನ ಏಳನೇ ನಿಯಮ ಹೇಳುತ್ತದೆ, ಬೀಗ ಹಾಕಿದ ವಾಹನದ ಯಾವ ಭಾಗವನ್ನು ಬಿಚ್ಚಿದರೂ ಜಾಗದ ಬಳಕೆಯ ಹಕ್ಕು ಆರು ತಿಂಗಳು ರದ್ದು. ಆ ಜಾಗವಿಲ್ಲದೆ ನನಗೆ ಕೆಲಸವಿಲ್ಲ. ದಂಡ ಕಟ್ಟಿ ಕೈತೊಳೆದುಕೊಳ್ಳೋಣವೆಂದೂ ಒಂದು ಗಳಿಗೆ ಅನಿಸಿತು. ಆಗ ಡ್ರೈವರ್ ಮಾಮ ಮೆಟ್ಟಿಲಿಳಿದು ಬಂದರು.

ಅವರು ಬೀಗವನ್ನು ನೋಡಿದರು. ಸುತ್ತ ಒಂದು ಸಲ ಬಂದರು, ಡಿಪೋದಿಂದ ಬಸ್ ಹೊರಡಿಸುವ ಮುಂಚೆ ನೋಡುತ್ತಿದ್ದರಂತೆ, ಹಾಗೆ. ಆಮೇಲೆ ತಗ್ಗಿದ ದನಿಯಲ್ಲಿ ನನ್ನನ್ನು ಕೇಳಿದರು:

"ಇದು ನನ್ನ ರೆಕಾರ್ಡಿಗೆ ಹೋಗತ್ತಾ ಮಗಳೇ?"

ಮಾನ್ಯರೇ, ಆ ಮನೆಯ ಗೋಡೆಯ ಮೇಲೆ, ಸರಿಯಾಗಿ ಈ ಸೋಫಾ ಇರುವ ಕಡೆ, ಒಂದು ಚೌಕಟ್ಟು ಹಾಕಿದ ಪ್ರಮಾಣಪತ್ರ ಇದೆ. ಮೂವತ್ತೊಂದು ವರ್ಷದ ಸೇವೆಯಲ್ಲಿ ಒಂದು ಅಪಘಾತವಿಲ್ಲ, ಒಂದು ಕೇಸಿಲ್ಲ, ಒಂದು ದಂಡವಿಲ್ಲ ಎಂದು ಅದರಲ್ಲಿದೆ. ಮಳೆಗೆ, ಮಂಜಿಗೆ, ಅಡ್ಡ ಬಂದ ಎಮ್ಮೆಗೆ ಹಾಳಾಗದ ರೆಕಾರ್ಡು ಅದು. ಅದನ್ನು ಗಾಲಿಯಿರುವ ಸೋಫಾದ ನೆಪದಲ್ಲಿ ನೀವು ಕೆಡಿಸಹೊರಟಿದ್ದೀರಿ. "ಇಲ್ಲ ಮಾಮ, ನನ್ನ ಹೆಸರಿಗೆ ಬರೆದಿದಾರೆ" ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. "ಗಾಲಿ ಹಾಕಿದ್ದು ನಾನಲ್ವಾ" ಎಂದರು. ಆ ಕ್ಷಣ ನನಗೆ ಅಳು ಬಂತು, ಅದನ್ನು ಬರೆಯಲು ನಾಚಿಕೆಯೇನಿಲ್ಲ. ಇನ್ನು ದಂಡ ಕಟ್ಟುವ ಮಾತೇ ಇಲ್ಲ. ಕಟ್ಟಿದರೆ ರಸೀದಿಯಲ್ಲಿ ಅದು ವಾಹನವೆಂದೇ ಆಗುತ್ತದೆ.

ಮಾಮ ಆ ಮೊದಲ ಸೋಮವಾರದಿಂದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೇ ರಾತ್ರಿ ಕಳೆಯುತ್ತಿದ್ದಾರೆ. ನಾನು ಕೊಟ್ಟ ಫೋಮಿನ ಹಾಸಿಗೆಯೂ ಬೆನ್ನಿಗೆ ಆಗಲಿಲ್ಲ. ಟೀಚರಮ್ಮ ನನ್ನನ್ನು ಒಂದು ಮಾತೂ ಬೈದಿಲ್ಲ. "ಪರವಾಗಿಲ್ಲ ಬಿಡಮ್ಮ, ನೀನೇನು ಮಾಡ್ತೀಯ" ಎನ್ನುತ್ತಾರೆ. ಬೈದಿದ್ದರೆ ವಾಸಿಯಿತ್ತು.

ನಿನ್ನೆ, ಗುರುವಾರ, ಊಟವಾದ ಮೇಲೆ ಮಾಮ ಮತ್ತೆ ಕೆಳಗೆ ಬಂದರು. ಕೈಯಲ್ಲಿ ಕನ್ನಡಕ, ಜೇಬಿನಲ್ಲಿ ಚಾಲನಾ ಪರವಾನಗಿ. ಗೇಟಿನ ಬಳಿಯ ನಿಮ್ಮ ಬೋರ್ಡನ್ನು ಮೊದಲನೇ ನಿಯಮದಿಂದ ಕೊನೆಯವರೆಗೆ ನಿಂತು ಓದಿದರು. ಆ ಬೋರ್ಡನ್ನು ಪೂರ್ತಿ ಓದಿದ ಮೊದಲ ಮನುಷ್ಯ ಅವರೇ ಇರಬೇಕು. ಒಂಬತ್ತನೇ ನಿಯಮದ ಕೆಳಗೆ ಬೆರಳಿಟ್ಟು ನನ್ನನ್ನು ಕರೆದರು. ನಿಮ್ಮದೇ ಅಕ್ಷರಗಳಲ್ಲಿ ಅದು ಹೀಗಿದೆ: 'ಪರವಾನಗಿ ಹೊಂದಿದ ಚಾಲಕರು ವಾಹನದಲ್ಲಿ ಇರುವಷ್ಟು ಹೊತ್ತು ಅದನ್ನು ನಿಲ್ಲಿಸಿದ ವಾಹನವೆಂದು ಪರಿಗಣಿಸತಕ್ಕದ್ದಲ್ಲ. ಅಂಥ ವಾಹನಕ್ಕೆ ಬೀಗ ಹಾಕಿದ್ದಲ್ಲಿ ಕೂಡಲೇ ತೆಗೆಯತಕ್ಕದ್ದು.'

"ಇವರ ಲೆಕ್ಕದಲ್ಲಿ ಇದು ಗಾಡಿ ಅಲ್ವಾ?" ಎಂದರು ಮಾಮ. "ನಾನು ಡ್ರೈವರ್ ಅಲ್ವಾ?" ಎಂದು ಸೋಫಾದ ಬಲತುದಿಯಲ್ಲಿ ನೆಟ್ಟಗೆ ಕೂತರು. ಐದು ನಿಮಿಷ ನೆಟ್ಟಗಿದ್ದರು. ಹತ್ತನೇ ನಿಮಿಷಕ್ಕೆ ಸೋಫಾದ ಎಡಗೈಯ ಮೇಲೆ ತಲೆ, ಸರಪಳಿಯ ಪಕ್ಕದಲ್ಲೇ. ಕಾಲು ಮಡಚಿಕೊಂಡದ್ದೇ ತಡ, ಗೊರಕೆ. ಟೀಚರಮ್ಮ ಮೇಲಿಂದ ಹೊದಿಕೆ ತಂದು ಹೊದಿಸಿದರು. ಹತ್ತು ದಿನದಲ್ಲಿ ಅದು ಅವರ ಮೊದಲ ನಿದ್ದೆ.

ನಿಮ್ಮ ಗಸ್ತಿನವರು ನಾಲ್ಕಕ್ಕೆ ಬಂದರು. ನಾನು ಒಂಬತ್ತನೇ ನಿಯಮ ತೋರಿಸಿದೆ. ಅವರು ಓದಿ, ದೂರ ಹೋಗಿ ನಿಮಗೇ ಫೋನ್ ಮಾಡಿದರು. ನನಗೆ ಕೇಳಿದ್ದು ಇಷ್ಟು: "ಹೌದು ಸರ್, ಡ್ರೈವರ್ ಒಳಗೇ ಇದಾರೆ... ಲೈಸೆನ್ಸ್ ಇದೆ ಸರ್, ಜೇಬಲ್ಲಿ ಕಾಣ್ತಿದೆ... ಇಲ್ಲ ಸರ್, ಮಾತಾಡ್ಸೋಕಾಗಲ್ಲ, ಮಲಗಿದಾರೆ." ಆಮೇಲೆ ನನ್ನ ಬಳಿ ಬಂದು, ಕೀಲಿ ತಮ್ಮಲ್ಲಿಲ್ಲ, ಮುಖ್ಯಾಧಿಕಾರಿಗಳ ಮೇಜಿನ ಡ್ರಾಯರಿನಲ್ಲಿದೆ, ಮೇಲ್ಮನವಿ ತೀರ್ಮಾನವಾಗುವವರೆಗೆ ಕೊಡುವುದಿಲ್ಲವಂತೆ ಎಂದು ಪಿಸುಗುಟ್ಟಿದರು. ಹೋಗುವಾಗ ಸೋಫಾದತ್ತ ಆಸೆಯಿಂದ ಒಮ್ಮೆ ನೋಡಿದರು, ಪಾಪ.

ಆದ್ದರಿಂದ ಕೇಳುತ್ತಿದ್ದೇನೆ. ಇದು ವಾಹನವೋ, ಸೋಫಾವೋ? ವಾಹನವಾದರೆ ಒಂಬತ್ತನೇ ನಿಯಮದಂತೆ ಬೀಗ ತೆಗೆಯಿರಿ, ಚಾಲಕರು ಅಲ್ಲಿಯೇ ಇದ್ದಾರೆ. ಸೋಫಾವಾದರೆ ಬೀಗ ಹಾಕಿದ್ದೇ ತಪ್ಪು. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ನೀವು ಡ್ರಾಯರು ತೆರೆಯಲೇಬೇಕು. ನಾಳೆ ಶನಿವಾರ ಸಂಜೆಯೊಳಗೆ ನೀವೇ ಕೀಲಿ ತೆಗೆದುಕೊಂಡು ಬನ್ನಿ. ಜೊತೆಗೆ, ಮೊಹರು ಹಾಕಿದ ಒಂದು ಕಾಗದವೂ ಬೇಕು: 'ಇದು ಸೋಫಾ. ಇದರಿಂದ ಯಾರ ರೆಕಾರ್ಡಿಗೂ ಏನೂ ಆಗಿಲ್ಲ.' ಅಷ್ಟೇ ಸಾಕು. ಮಾಮ ಅದಕ್ಕೆ ಚೌಕಟ್ಟು ಹಾಕಿಸಿ ಆ ಪ್ರಮಾಣಪತ್ರದ ಪಕ್ಕದಲ್ಲಿ ತೂಗುಹಾಕುತ್ತಾರೆ. ಚೌಕಟ್ಟು ನನ್ನ ಕಡೆಯಿಂದ.

ಬರುವಾಗ ಗೇಟಿನಲ್ಲಿ ಹಾರ್ನ್ ಮಾಡಬೇಡಿ. ಇದನ್ನು ಬರೆಯುತ್ತಿರುವ ಈ ಶುಕ್ರವಾರ ಮಧ್ಯಾಹ್ನವೂ ಚಾಲಕರು ನಿದ್ದೆಯಲ್ಲಿದ್ದಾರೆ, ಬ್ರೇಕ್ ಹಾಕಿಕೊಂಡು.

ಇಂತಿ,
ನಿಮ್ಮ ಕಡತದ ಪ್ರಕಾರ ಕಂದು ಬಣ್ಣದ, ಮೂರು ಆಸನದ, ಇಂಧನ ಬೇಡದ ವಾಹನದ ಹೊಣೆಗಾರಳು;
ಅಕ್ಕನ ಪ್ರಕಾರ ಬುದ್ಧಿಯಿಲ್ಲದವಳು;
ನನ್ನ ಪ್ರಕಾರ ನೆಲಮಹಡಿಯ ಕುಶನ್ ಕೆಲಸದವಳು

ಮರೆತ ಮಾತು: ಉತ್ತರದ ಜೊತೆ ದಯವಿಟ್ಟು ಯಾವ ಫಾರಮನ್ನೂ ಕಳಿಸಬೇಡಿ. ತುಂಬಿಬಿಡುತ್ತೇನೆ.